ಮುಕ್ಕಾಲು ಗಂಟೆ ದೂರದ ತಂಗಿ

“ಜಿಶಿನ್ ದೆಸು! ಜಿಶಿನ್ ದೆಸು!” ಭೂಕಂಪ, ಭೂಕಂಪ ಎಂದು ಮನೆಯ ಮೊಬೈಲುಗಳೆಲ್ಲ ಒಟ್ಟಿಗೆ ಅರಚುತ್ತಿದ್ದ ಆ ದನಿ ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ. ದೊಡ್ಡ ಭೂಕಂಪವಾದ ಮೇಲಿನ ತಿಂಗಳುಗಳಲ್ಲಿ ಅದು ಕೂಗಿದಾಗಲೆಲ್ಲ, ಟೋಕಿಯೊದ ಎಡೋಗಾವಾದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರುಮನೆಯಲ್ಲೇ ಇದ್ದ ನನ್ನ ತಂಗಿ ಸರಳಾ, ಒಗ್ಗರಣೆ ಸೌಟಿನ ಸಮೇತ ಬಂದು ನಮ್ಮ ಡೈನಿಂಗ್ ಟೇಬಲ್ಲಿನ ಕೆಳಗೆ ಕೂರುತ್ತಿದ್ದಳು. “ನಿಮ್ಮನೇಲಿ ಟೇಬಲ್ ಇಲ್ವೇನೇ?” ಎಂದರೆ, “ಇದೆ ಅಕ್ಕಾ, ಅದರ ಕೆಳಗೆ ನೀನಿಲ್ವಲ್ಲ” ಎನ್ನುತ್ತಿದ್ದಳು.

ಅವಳ ನಡುಕ ನೋಡಲಾರದೆ ಅವಳ ಗಂಡ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ, ನಕಶಿಬೆತ್ಸು ಎಂಬ ಹಸುಗಳ ಊರಿನಲ್ಲಿ, ಹಾಲಿನ ಕಾರ್ಖಾನೆಯ ಯಂತ್ರ ನೋಡಿಕೊಳ್ಳುವ ಕೆಲಸ ಹಿಡಿದರು. ಆಮೇಲೆ ನಮ್ಮವರಿಗೂ ಅದೇ ದ್ವೀಪದ ತುದಿಯ ವಕ್ಕನೈಯಲ್ಲಿ ಗಾಳಿಯಂತ್ರಗಳ ಕೆಲಸ ಸಿಕ್ಕಿತು. ಚಳಿಗೆ ಹೆದರಿ ನಾನು ನೋ ಎಂದಾಗ ಲ್ಯಾಪ್‌ಟಾಪ್ ತಿರುಗಿಸಿ ಯಾವುದೋ ವೆಬ್‌ಸೈಟು ತೋರಿಸಿದರು. ವಕ್ಕನೈ, ನಕಶಿಬೆತ್ಸು ಏರ್‌ಪೋರ್ಟುಗಳ ನಡುವೆ ಮುನ್ನೂರು ಚಿಲ್ಲರೆ ಕಿಲೋಮೀಟರು, ಫ್ಲೈಟ್ ಟೈಮ್ ಮುಕ್ಕಾಲು ಗಂಟೆ. “ನೋಡೇ, ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು!” ಕಾನ್ವೆಂಟಿನಲ್ಲಿ ಓದಿದ ನನಗೆ ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ಗಾಸ್ಪೆಲ್. ಸಾಮಾನು ಕಟ್ಟಿದೆ. ಆ ದಾರಿಯಲ್ಲಿ ವಿಮಾನವೇ ಇಲ್ಲವೆಂಬ ಸಣ್ಣ ಡೀಟೇಲನ್ನು ಮಾತ್ರ ಆ ವೆಬ್‌ಸೈಟು ಹೇಳಿರಲಿಲ್ಲ. ಒಂದು ವೇಳೆ ಹಾರಿದರೆ ಇಷ್ಟು ಹೊತ್ತು, ಅಷ್ಟೆ. ಕಾಗೆಗಳಿಗೆ ವೆರಿ ಯೂಸ್‌ಫುಲ್.

ಮೊದಲ ಚಳಿಗಾಲದಲ್ಲೇ ಸರಳಾ ಹಾಸಿಗೆ ಹಿಡಿದಳು. ನಾನು ಏರ್‌ಪೋರ್ಟಿಗೆ ಓಡಿ, “ನಕಶಿಬೆತ್ಸು, ಟುಡೇ” ಎಂದೆ. ಕೌಂಟರಿನ ಹುಡುಗಿ ತಲೆ ವಾಲಿಸಿ, ಹಲ್ಲಿನ ಸಂದಿಯಲ್ಲಿ ಉಸಿರೆಳೆದು, “ಸುಮಿಮಾಸೆನ್… ಚೊಟ್ಟೊ…” ಎಂದಳು. ಸುಮಿಮಾಸೆನ್ ಎಂದರೆ ಕ್ಷಮಿಸಿ, ಚೊಟ್ಟೊ ಎಂದರೆ ಸ್ವಲ್ಪ. ಬೆಂಗಳೂರಿನವಳಿಗೆ ಇದಕ್ಕಿಂತ ಭರವಸೆಯ ಮಾತುಂಟೇ? ಸ್ವಲ್ಪ ಜರುಗಿ ಎಂದರೆ ಸೀಟು ಸಿಕ್ಕಿತು, ಸ್ವಲ್ಪ ತಡೀರಿ ಎಂದರೆ ಕೆಲಸ ಆಯಿತು ಎಂದೇ ಅರ್ಥ. ಕುರ್ಚಿ ಹಿಡಿದು ಕೂತೆ.

ಸರಳಾ ಫೋನು ಮಾಡಿದಳು. “ಹೊರಟ್ಯಾ ಅಕ್ಕಾ?”

“ಇನ್ನು ಸ್ವಲ್ಪ ಹೊತ್ತು ಕಣೇ.”

ಕೌಂಟರಿನ ದೀಪ ಆರಿತು. ಹುಡುಕಿಕೊಂಡು ಬಂದ ನಮ್ಮವರು, “ಚೊಟ್ಟೊ ಅಂದ್ರೆ ಆಗಲ್ಲ ಅಂತ. ಬಾಯ್ಬಿಟ್ಟು ಹೇಳೋಕೆ ಇವರಿಗೆ ಸಂಕೋಚ” ಎಂದರು.

“ಮುಕ್ಕಾಲು ಗಂಟೆ ಅನ್ನೋಕೆ ನಿಮಗಿರಲಿಲ್ವಲ್ಲ!” ಎಂದೆ.

ಕೊನೆಗೆ ಸರಳಾಳನ್ನು ಟೋಕಿಯೊದ ಆಸ್ಪತ್ರೆಗೆ ಸಾಗಿಸುವುದಾಯಿತು. ಸಪ್ಪೊರೊದಲ್ಲಿ ಅವಳು ವಿಮಾನ ಬದಲಿಸಬೇಕಿತ್ತು. ನಾನೂ ವಕ್ಕನೈಯಿಂದ ಅಲ್ಲಿಗೇ ಹಾರಿದೆ. ಅವಳ ಎದುರು ಕೂತು ಆ ವೆಬ್‌ಸೈಟನ್ನೂ ಏರ್‌ಲೈನುಗಳನ್ನೂ ಬೈಯುತ್ತಲೇ ಇದ್ದೆ. “ಸಾಕು ಮಾಡಕ್ಕಾ ನಿನ್ನ ಜಾಗ್ರಫಿ ಪೀರಿಯಡ್ಡು. ಬಿಸಿಬೇಳೆ ಬಾತ್ ತಂದಿದೀಯೋ ಇಲ್ವೋ, ಮೊದಲು ಅದು ಹೇಳು” ಎಂದಳು. ಎರಡು ತುತ್ತು ತಿನ್ನುವಷ್ಟರಲ್ಲಿ ಅವಳ ವಿಮಾನದ ಕರೆ ಬಂತು.

ನಾನೂ ನನ್ನ ಗೇಟಿನತ್ತ ಹೊರಟು, ತಿರುಗಿ ನೋಡಿದೆ. ವೀಲ್‌ಚೇರಿನಲ್ಲಿ ಕೂತಿದ್ದ ಸರಳಾ ಜೋರಾಗಿ ಕೈ ಬೀಸುತ್ತಿದ್ದಳು. ಇಷ್ಟೊಂದು ಪ್ರೀತಿಯೇ ಎಂದು ಉಬ್ಬಿ, ನಾನೂ ಎರಡೂ ಕೈ ಬೀಸಿ ಟಾಟಾ ಹೇಳಿ, ಅದೇ ದಾರಿಯಲ್ಲಿ ಮುಂದೆ ನಡೆದೆ. ದಾರಿಯ ಕೊನೆಯಲ್ಲಿ ಗೋಡೆಯಿತ್ತು. ನಿನ್ನ ಗೇಟು ಈ ಕಡೆ ಎಂದು ಅವಳು ತೋರಿಸುತ್ತಿದ್ದಳೆಂದು ನನಗೆ ಹೊಳೆದು ಹಿಂದಿರುಗುವಷ್ಟರಲ್ಲಿ ವೀಲ್‌ಚೇರು ಬಾಗಿಲು ದಾಟಿ ಹೋಗಿತ್ತು. ನನ್ನ ತಂಗಿಯನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.