ಅರ್ಧ ತೆರೆದ ಶಾಲೆಯ ಬಗ್ಗೆ ಬೀಗದವನ ಅರಿಕೆ

ಶಾಲೆಗಳನ್ನು ತೆರೆಯುವ, ಮುಚ್ಚುವ, ಮತ್ತು ತೆರೆದೂ ತೆರೆಯದಂತೆ ಇಡುವ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ, ಬೀಗ ರಿಪೇರಿಯವನೊಬ್ಬ ಮೂಗು ಬಾಯಿ ಮುಚ್ಚಿಕೊಂಡು, ಆರಡಿ ದೂರ ನಿಂತು, ಕೈಗಳನ್ನು ಮೊದಲು ತೊಳೆದು ಆಮೇಲೆ ಮುಗಿದು ಮಾಡಿಕೊಳ್ಳುವ ಬಹಿರಂಗ ಅರಿಕೆ.

ಮಾನ್ಯರೇ,

ತಾವು ಆರೋಗ್ಯವಾಗಿದ್ದೀರೆಂದು ನಾನು ಬಲ್ಲೆ. ಈ ಸಾಂಕ್ರಾಮಿಕದ ಕಾಲದಲ್ಲಿ ಒಂದರ ಬೆನ್ನಿಗೊಂದು ಬಂದ ತಮ್ಮ ಸುತ್ತೋಲೆಗಳೇ ಅದಕ್ಕೆ ಸಾಕ್ಷಿ. ಹಾಸಿಗೆ ಹಿಡಿದವರಿಗೆ ಅಷ್ಟು ಬರೆಯಲು ಆಗುವುದಿಲ್ಲ. ನನ್ನ ಪರಿಚಯ ತಮಗಿರಲಾರದು. ಪ್ರಾಥಮಿಕ ಶಾಲೆಯ ಗೇಟಿಗೆ ಎದುರಾಗಿ, ಮೂವರು ಗಿರಾಕಿಗಳು ನಿಂತರೆ ನಾಲ್ಕನೆಯವರು ಚರಂಡಿಗೆ ಇಳಿಯಬೇಕಾದಷ್ಟು ವಿಶಾಲವಾದ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಬೀಗ ಬಿಚ್ಚಿ, ಕೀಲಿ ಉಜ್ಜಿ ಬದುಕುತ್ತಿರುವ ನನ್ನನ್ನು ಜನ ಬೀಗದಣ್ಣ ಎನ್ನುತ್ತಾರೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ವಾರ್ಡಿನ ನರ್ಸು. ನಮಗೆ ಅವಳಿ ಹೆಣ್ಣುಮಕ್ಕಳು. ಏಳು ನಿಮಿಷ ಮೊದಲು ಹುಟ್ಟಿದವಳು ದೊಡ್ಡು, ಏಳು ನಿಮಿಷ ತಡಮಾಡಿ ಇಂದಿಗೂ ಎಲ್ಲದಕ್ಕೂ ಅಷ್ಟೇ ತಡಮಾಡುವವಳು ಚಿಕ್ಕು. ಇಬ್ಬರೂ ಅದೇ ಶಾಲೆಯಲ್ಲಿ ಎರಡನೆಯ ತರಗತಿ.

ತಮ್ಮ ಮೊದಲನೆಯ ಸುತ್ತೋಲೆ ಬಂದ ದಿನ ಶಾಲೆಯ ದೊಡ್ಡ ಮೇಡಂ, ಎಂದರೆ ಮುಖ್ಯೋಪಾಧ್ಯಾಯಿನಿಯವರು, ನನ್ನ ಅಂಗಡಿಯಿಂದಲೇ ಗಟ್ಟಿ ಬೀಗವೊಂದನ್ನು ಆರಿಸಿ ಬಾಗಿಲಿಗೆ ಜಡಿಸಿದರು. ಕೀಲಿಯನ್ನು ಸುರಕ್ಷತೆಗಾಗಿ ಕಚೇರಿಗೆ ಕಳುಹಿಸಬೇಕೆಂದು ತಾವು ಅಪ್ಪಣೆ ಮಾಡಿದ್ದರಿಂದ ಕಳುಹಿಸಿಯೂ ಬಿಟ್ಟರು. ಹದಿನೈದು ದಿನಗಳ ಬಳಿಕ ಶಾಲೆ ತೆರೆಯಿರೆಂದು ಎರಡನೆಯ ಸುತ್ತೋಲೆ ಬಂತು. ಜೊತೆಗೆ ತಾವು ಪ್ರೀತಿಯಿಂದ ಕಳುಹಿಸಿದ ಕೀಲಿ ಯಾವುದೋ ಗ್ರಂಥಾಲಯದ್ದಾಗಿತ್ತು. ನಾನು ಹೋಗಿ ಬಿಚ್ಚಿಕೊಟ್ಟೆ. ಮೂರನೆಯ ದಿನ ಮತ್ತೆ ಮುಚ್ಚಿದೆವು. ಹೀಗೆ ಮಳೆಗಾಲ ಮುಗಿಯುವುದರೊಳಗೆ ಆ ಬಾಗಿಲನ್ನು ನಾನು ಹನ್ನೊಂದು ಸಲ ತೆರೆದು ಹನ್ನೊಂದು ಸಲ ಮುಚ್ಚಿದ್ದೇನೆ. ಇಷ್ಟು ಬಾರಿ ಅತ್ತಿತ್ತ ತಿರುಗಿಯೂ ಒಳಗಿನ ಸ್ಪ್ರಿಂಗು ಸಡಿಲವಾಗದ ಒಂದೇ ಒಂದು ಬೀಗವನ್ನು ನನ್ನ ವೃತ್ತಿಯಲ್ಲಿ ಕಂಡವನಲ್ಲ. ಆ ಗಟ್ಟಿತನ ನನಗೆ ತಮ್ಮ ವಿಭಾಗದಲ್ಲಿ ಮಾತ್ರ ಕಂಡಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ಹಿಂದಿನವರನ್ನು ಜನ ಆಡಿಕೊಳ್ಳುತ್ತಾರೆ. ತಾವಾದರೋ ಕೊಳ್ಳೆಗೆ ಮೊದಲು, ನಡುವೆ, ಆಮೇಲೆ, ಊಟದ ವಿರಾಮದಲ್ಲೂ ಬಾಗಿಲು ಹಾಕಿ ತೆಗೆದು ತೋರಿಸಿದ್ದೀರಿ.

ಶಾಲೆ ತೆರೆದಿರಬೇಕೇ ಮುಚ್ಚಿರಬೇಕೇ ಎಂಬ ಪ್ರಶ್ನೆ ತಮ್ಮ ಸಭಾಂಗಣದಲ್ಲಿ ಎಷ್ಟು ಗಂಟೆ ಚರ್ಚೆಯಾಯಿತೋ ತಿಳಿಯದು. ನಮ್ಮ ಅಡಿಗೆಮನೆಯಲ್ಲಿ ಮಾತ್ರ ದಿನವೂ ಆಗುತ್ತಿತ್ತು. ನಾನು ತೆರೆಯುವ ಪಕ್ಷ. ಒಂದೇ ಕೋಣೆಯಲ್ಲಿ ಇಬ್ಬರು ಮಕ್ಕಳು ಇಡೀ ದಿನ ಮಂಚದಿಂದ ಮೇಜಿಗೂ ಮೇಜಿನಿಂದ ನನ್ನ ಹೆಗಲಿಗೂ ಹಾರುವುದನ್ನು ಕಂಡವನು. ನನ್ನಾಕೆ, ಗಾಳಿಯಲ್ಲಿ ದೂರ ದೂರ ಕೂರಿಸಲಾಗದಿದ್ದರೆ ಮುಚ್ಚುವ ಪಕ್ಷ. ಒಂದು ದಿನ ಕೆಲಸ ಮುಗಿಸಿ ಬಂದವಳು ಮುಖದ ಮೇಲೆ ಮಾಸ್ಕಿನ ಗೆರೆ ಹಾಗೇ ಇರುವಾಗಲೇ, "ನಾನು ವಾರ್ಡಲ್ಲಿ ನೋಡ್ತಿರೋದನ್ನ ನೀವು ನೋಡಿಲ್ಲ ಕಣ್ರೀ. ಊರಿಗೆಲ್ಲಾ ಬೀಗ ತೆಗೀತೀರಲ್ಲ, ಉಸಿರಿಗೆ ಬೀಗ ಬಿದ್ರೆ ನಿಮ್ಮತ್ರ ಕೀಲಿ ಇದ್ಯಾ?" ಎಂದು ಕೇಳಿದಳು. ಅತ್ತ ದರಿ, ಇತ್ತ ಪುಲಿ ಎಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ; ಅರ್ಥವಾಗಿದ್ದು ಅವತ್ತು.

ತಮ್ಮ ಏಳನೆಯ ಸುತ್ತೋಲೆಯ ಜಾಣ್ಮೆಯನ್ನು ಹೊಗಳದೆ ಮುಂದೆ ಹೋಗಲಾರೆ. ತರಗತಿಯಲ್ಲಿ ಗುಂಪಾಗದಿರಲೆಂದು, ಹಾಜರಿ ಪುಸ್ತಕದಲ್ಲಿ ಬೆಸ ಸಂಖ್ಯೆಯ ಮಕ್ಕಳು ಸೋಮ, ಬುಧ, ಶುಕ್ರವಾರಗಳಂದು, ಸಮ ಸಂಖ್ಯೆಯವರು ಉಳಿದ ಮೂರು ದಿನ ಬರತಕ್ಕದ್ದೆಂದು ಅಪ್ಪಣೆಯಾಯಿತು. ದೊಡ್ಡು ಹದಿನೇಳು, ಚಿಕ್ಕು ಹದಿನೆಂಟು. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಲೋಟದಲ್ಲಿ ನೀರು ಕುಡಿದು, ಒಂದೇ ಟವೆಲಿನಲ್ಲಿ ಮೂಗೊರೆಸಿಕೊಳ್ಳುವ ಈ ಇಬ್ಬರು ಶಾಲೆಯಲ್ಲಿ ಮಾತ್ರ ಒಬ್ಬರ ಗಾಳಿ ಒಬ್ಬರಿಗೆ ಸೋಕದಂತೆ ಬದುಕಬೇಕೆಂಬ ತಮ್ಮ ಕಾಳಜಿಯನ್ನು ನೆನೆದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ. ರೋಗಾಣುವಿಗೂ ಒಂದು ಹಾಜರಿ ಸಂಖ್ಯೆ ಕೊಟ್ಟಿದ್ದರೆ ವ್ಯವಸ್ಥೆ ಪರಿಪೂರ್ಣವಾಗುತ್ತಿತ್ತು.

ಆದರೆ ದೊಡ್ಡುವಿಗೆ ಶಾಲೆ ಎಂದರೆ ಪ್ರಾಣ, ಚಿಕ್ಕುವಿಗೆ ನನ್ನ ಅಂಗಡಿ. ಮಾಸ್ಕು ಹಾಕಿಕೊಂಡರೆ ಇಬ್ಬರನ್ನೂ ಹೆತ್ತವರೇ ಗುರುತಿಸಲಾರರು. ದೊಡ್ಡ ಮೇಡಂ ಹೇಗೆ ಗುರುತಿಸಿಯಾರು? ಮಕ್ಕಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡವು. ದೊಡ್ಡು ಮೂರು ದಿನ ತಾನಾಗಿಯೂ ಮೂರು ದಿನ ತಂಗಿಯಾಗಿಯೂ ಶಾಲೆಗೆ ಹೋದಳು. ಚಿಕ್ಕು ಆರೂ ದಿನ ಅಂಗಡಿಯಲ್ಲಿ ನನ್ನ ಪಕ್ಕದ ಡಬ್ಬದ ಮೇಲೆ ಕುಳಿತು, ಸೋಮವಾರ "ಇವತ್ತು ನಂದಲ್ಲ ಅಪ್ಪಾ" ಎಂದೂ, ಮಂಗಳವಾರ ದೊಡ್ಡುವಿನಂತೆ ಕತ್ತು ಕೊಂಕಿಸಿ "ನಾನು ದೊಡ್ಡು ಅಪ್ಪಾ, ನಿನ್ನೆ ಹೋಗಿದ್ದೆನಲ್ಲಾ" ಎಂದೂ ಹೇಳುತ್ತ, ತಂತಿಯೊಂದರಿಂದ ಪೆಟ್ಟಿಗೆಯ ಬೀಗ ಬಿಚ್ಚುವುದನ್ನು ಕಲಿತಳು. ಹುಟ್ಟಿಸಿದ ತಂದೆ ನಾನು, ನಂಬಿದೆ. ಪರೀಕ್ಷೆಯಲ್ಲಿ ಇಬ್ಬರಿಗೂ ನೂರಕ್ಕೆ ತೊಂಬತ್ತಾರು ಬಂತು. ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ.

ಗುಟ್ಟು ರಟ್ಟಾದದ್ದು ಹೀಗೆ. ವಾರ್ಡಿನಲ್ಲಿ ಸೋಂಕು ತಗುಲಿ ನನ್ನಾಕೆ ಹದಿನಾಲ್ಕು ದಿನ ನಮ್ಮ ಹಿಂದಿನ ಕೋಣೆಯಲ್ಲಿ ಒಬ್ಬಳೇ ಉಳಿಯಬೇಕಾಯಿತು. ಊಟದ ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟು ಬರುತ್ತಿದ್ದೆ. ಕೆಮ್ಮು ಬರುತ್ತಿದ್ದುದರಿಂದ ಅವಳು ಹೆಚ್ಚು ಮಾತಾಡುವಂತಿರಲಿಲ್ಲ. ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತಿದ್ದಳು. "ಊಟ ಆಯ್ತಾ?" "ತಲೆ ಬಾಚಿಕೊಂಡ್ರಾ?" ದೊಡ್ಡು ಓದಿ, ಇಬ್ಬರ ಪರವಾಗಿಯೂ ಕೂಗಿ ಉತ್ತರಿಸುತ್ತಿದ್ದಳು. ಐದನೆಯ ದಿನ ದೊಡ್ಡು ಶಾಲೆಯಲ್ಲಿದ್ದಾಗ ಚಿಕ್ಕು ಒಬ್ಬಳೇ ಕಿಟಕಿಯ ಬಳಿ ನಿಂತಿದ್ದಳು. ನಾನು ತಟ್ಟೆ ಹಿಡಿದು ಬರುತ್ತಿದ್ದೆ. ಅವಳಮ್ಮ "ಊಟ ಆಯ್ತಾ?" ಎಂಬ ಹಾಳೆ ತೋರಿಸಿದಳು. ಚಿಕ್ಕು "ಹೂಂ" ಎಂದು ತಲೆಯಾಡಿಸಿದಳು. "ಅಪ್ಪ ಬೈದ್ರಾ?" ಅದಕ್ಕೂ ಹೂಂ. ಅಮ್ಮನಿಗೆ ಏನೋ ಅನುಮಾನ ಬಂತು. ಹೊಸ ಹಾಳೆ ತೆಗೆದು, "ನಿನ್ನ ಹೆಸರೇನು?" ಎಂದು ಬರೆದು ಹಿಡಿದಳು. ಚಿಕ್ಕು ಅಕ್ಷರಗಳನ್ನು ಒಂದೊಂದಾಗಿ ನೋಡಿದಳು, ಅಮ್ಮನ ಮುಖ ನೋಡಿದಳು, ಇನ್ನೂ ಜೋರಾಗಿ ತಲೆಯಾಡಿಸಿ "ಹೂಂ ಅಮ್ಮಾ, ಹೂಂ" ಎಂದಳು.

ಗಾಜಿನ ಆಚೆ ನನ್ನಾಕೆ ಹಾಳೆಯನ್ನು ಮುಖದ ಮುಂದೆ ಹಿಡಿದುಕೊಂಡೇ ನಿಂತಳು. ಎಷ್ಟೋ ಹೊತ್ತು ಕೆಳಗಿಳಿಸಲಿಲ್ಲ.

ಆ ಸಂಜೆ ನಾನು ಕಿಟಕಿಯ ಹೊರಗೆ ಕುಕ್ಕುರುಗಾಲಲ್ಲಿ ಕುಳಿತು ಮಕ್ಕಳ ಬಾಯಿ ಬಿಡಿಸಿ ತಿಳಿದ ಅವರಿಬ್ಬರ ಒಪ್ಪಂದವನ್ನೆಲ್ಲ ಅವಳಿಗೆ ಒಪ್ಪಿಸಿದೆ. ಅವಳು ತಡೆತಡೆದು, "ಮುಚ್ಚಿ ಅಂದೋಳು ನಾನು. ಈಗ ಮಗು ನನ್ನ ಅಕ್ಷರಾನೇ ಓದಲ್ಲ" ಎಂದಳು. "ತೆಗೀರಿ ಅಂದೋನು ನಾನು. ನೀನು ಹೀಗೆ ಕೆಮ್ಮೋದು ಕೇಳಿದ್ರೆ ನಂಗೂ ಭಯ" ಎಂದೆ. ಇಬ್ಬರೂ ಸರಿಯಾಗಿದ್ದೆವು, ಮಾನ್ಯರೇ. ಎರಡು ಸರಿಗಳ ನಡುವೆ ಸಿಕ್ಕಿಕೊಂಡವರಿಗೆ ದಾರಿ ಕಾಣುವುದಿಲ್ಲ. ತಪ್ಪನ್ನೇ ಎರಡೂ ಕಡೆಗೆ ಸಮನಾಗಿ ಹಂಚುವ ಕಲೆ ತಮಗೆ ಮಾತ್ರ ಸಿದ್ಧಿಸಿದೆ.

ನನ್ನಾಕೆ ಗುಣವಾಗಿ ಹೊರಬಂದ ವಾರವೇ ತಮ್ಮ ಇಪ್ಪತ್ತನಾಲ್ಕನೆಯ ಸುತ್ತೋಲೆ ಬಂತು: "ಶಾಲೆಯನ್ನು ಅರ್ಧ ಮಾತ್ರ ತೆರೆಯತಕ್ಕದ್ದು. ಪೂರ್ಣ ತೆರೆದಲ್ಲಿ ಅಥವಾ ಪೂರ್ಣ ಮುಚ್ಚಿದಲ್ಲಿ ಮುಖ್ಯೋಪಾಧ್ಯಾಯರನ್ನೇ ಹೊಣೆ ಮಾಡಲಾಗುವುದು." ದೊಡ್ಡ ಮೇಡಂ ಮೂವತ್ತು ವರ್ಷಗಳಿಂದ ಸುತ್ತೋಲೆಗಳನ್ನು ಪಾಲಿಸಿ ಪಾಲಿಸಿ ಬೆನ್ನು ಬಾಗಿದವರು. ಅರ್ಧವೆಂದರೆ ಎಷ್ಟೆಂದು ತಮ್ಮ ಕಚೇರಿಗೆ ಫೋನು ಮಾಡಿದರು. "ಅರ್ಧ ಅಂದ್ರೆ ಅರ್ಧ ಕಣ್ರೀ, ಅಷ್ಟೂ ಗೊತ್ತಾಗಲ್ವಾ? ನೀವು ಲೆಕ್ಕದ ಮೇಡಂ ಅಲ್ವಾ?" ಎಂದು ಆ ಕಡೆಯಿಂದ ಸ್ಪಷ್ಟೀಕರಣ ಬಂತು. ಅವರು ನೇರ ನನ್ನ ಅಂಗಡಿಗೆ ಬಂದು, "ಬೀಗದಣ್ಣಾ, ಬಾಗಿಲು ಅಳೀಬೇಕು, ಬನ್ನಿ" ಎಂದರು.

ಬಾಗಿಲು ಏಳಡಿ. ಅರ್ಧ ಮೂರೂವರೆ. ನೆಟ್ಟಗೆ ಕುಯ್ಯುವುದೋ ಅಡ್ಡ ಕುಯ್ಯುವುದೋ ಎಂದು ಸುತ್ತೋಲೆಯಲ್ಲಿ ಇರಲಿಲ್ಲ. ನೆಟ್ಟಗೆ ಕುಯ್ದರೆ ಸಣಕಲು ಮಕ್ಕಳು ಒಳಗೆ, ದುಂಡನೆಯವು ಹೊರಗೆ ಎಂದಾಗಿ ತಾರತಮ್ಯದ ದೂರು ಬಂದೀತೆಂದು ಮೇಡಂ ಯೋಚಿಸಿದರು. ಅಡ್ಡಕ್ಕೇ ಕುಯ್ದೆ. ಮೇಲಿನರ್ಧ ತೆರೆದು ಗೋಡೆಗೆ ಕೊಕ್ಕೆ ಹಾಕಿದೆ, ಕೆಳಗಿನರ್ಧಕ್ಕೆ ಚಿಲಕವಿಟ್ಟು ಬೀಗ ಜಡಿದೆ. ಕೆಳಗಿನದನ್ನು ತೆಗೆದರೆ ಶಾಲೆ ಪೂರ್ಣ ತೆರೆದಂತಾಗುವುದರಿಂದ, ಐವತ್ತೆಂಟು ವರ್ಷದ, ಎರಡೂ ಮಂಡಿ ನೋವಿನ ಮೇಡಂ ದಿನವೂ ಸ್ಟೂಲು ಹತ್ತಿ ಅದನ್ನು ದಾಟಿ ಒಳಗಿಳಿಯುತ್ತಿದ್ದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಮಂಡಿಯದಷ್ಟೇ ಸಂದೇಹ.

ಮಕ್ಕಳು ದಾಟುವಂತಿರಲಿಲ್ಲವಾಗಿ ಅಂಗಳದಲ್ಲೇ ಕುಳಿತವು, ಬೇವಿನ ಮರದ ನೆರಳಿನಲ್ಲಿ, ನಾನು ಸುಣ್ಣದಲ್ಲಿ ಗೆರೆ ಎಳೆದುಕೊಟ್ಟ ಚೌಕಗಳಲ್ಲಿ, ದೂರ ದೂರ. ಮೇಡಂ ಟಿಕೆಟ್ ಕಿಟಕಿಯ ಗುಮಾಸ್ತರಂತೆ ಅರ್ಧ ಬಾಗಿಲಿನ ಹಿಂದೆ ನಿಂತು ಪಾಠ ಹೇಳಿದರು. ಶಾಲೆಯ ಒಳಗೆ ಯಾರೂ ಇಲ್ಲದ ಮೇಲೆ ಬೆಸ, ಸಮ ಎಂಬ ನಿಯಮ ಯಾರಿಗೆ ಅನ್ವಯಿಸಬೇಕು? ಮೂವತ್ತೊಂದು ಮಕ್ಕಳೂ ಒಟ್ಟಿಗೇ ಬಂದವು. ಚಿಕ್ಕುವನ್ನು ನಾನೇ ಕೈಹಿಡಿದು ಬಿಟ್ಟು ಬಂದೆ. ಅವಳ ಮಾಸ್ಕಿನ ಮೇಲೆ ಅವಳಮ್ಮ ಕೆಂಪು ದಾರದಲ್ಲಿ "ಚಿ" ಎಂದು ಹೊಲಿದಿದ್ದಳು. ಮೊದಲ ದಿನ ಕೆಲಸಕ್ಕೆ ಹೊರಟವಳು ಗೇಟಿನ ಬಳಿ ನಿಂತು, "ಮೂರು ತಿಂಗಳಿಂದ ನಾನು ಬಡ್ಕೊಳ್ತಿದ್ದಿದ್ದು ಇದನ್ನೇ ಅಲ್ವಾ? ಗಾಳೀಲಿ ಕೂರ್ಸಿ, ದೂರ ಕೂರ್ಸಿ ಅಂತ! ಇದಕ್ಕೆ ಬಾಗಿಲು ಕುಯ್ಯೋದು ಬೇಕಿತ್ತಾ?" ಎಂದು ಕಣ್ಣರಳಿಸಿದಳು. ಬೇಕಿತ್ತು, ಮಾನ್ಯರೇ. ಸರಿಯಾದ ಕೆಲಸವೊಂದು ತಮ್ಮ ಕಚೇರಿಯಿಂದ ಹೊರಬರಲು ತಪ್ಪರ್ಥವೊಂದೇ ಬಾಗಿಲು. ಎರಡು ತಿಂಗಳಲ್ಲಿ ಆ ಅಂಗಳದಲ್ಲಿ ಕೆಮ್ಮಿದ್ದು ಒಂದೇ ಮಗು, ಅದೂ ಮಗ್ಗಿ ಒಪ್ಪಿಸುವುದನ್ನು ತಪ್ಪಿಸಿಕೊಳ್ಳಲು.

ಆಮೇಲೆ ತಮ್ಮ ತಪಾಸಣಾಧಿಕಾರಿಗಳು ಬಂದರು. ಅವರ ನಮೂನೆಯಲ್ಲಿ ಎರಡೇ ಚೌಕ: ತೆರೆದಿದೆ, ಮುಚ್ಚಿದೆ. "ಎರಡರಲ್ಲಿ ಒಂದು ಹೇಳಿ ಮೇಡಂ" ಎಂದರು. "ನೀವು ಎಲ್ಲಿ ನಿಂತು ಕೇಳ್ತೀರೋ ಅದರ ಮೇಲಿದೆ ಸಾರ್" ಎಂದು ಮೇಡಂ ವಿನಯದಿಂದಲೇ ಹೇಳಿದರು. ಒಳಗೆ ನಿಂತು ನೋಡಿಯೇ ತೀರುತ್ತೇನೆಂದು ಸಾಹೇಬರು ಸ್ಟೂಲು ಹತ್ತಿ ಒಂದು ಕಾಲು ಆಚೆ ಹಾಕಿದರು. ಪ್ಯಾಂಟು ಚಿಲಕಕ್ಕೆ ಸಿಕ್ಕಿಕೊಂಡಿತು. ನಾನು ಸ್ಕ್ರೂಡ್ರೈವರು ತಂದು ಚಿಲಕ ಬಿಚ್ಚುವವರೆಗೆ ಇಪ್ಪತ್ತು ನಿಮಿಷ ಅವರು ಅರ್ಧ ಒಳಗೆ, ಅರ್ಧ ಹೊರಗೆ ಬಾಗಿಲ ಮೇಲೆ ಸವಾರಿ ಕುಳಿತಿದ್ದರು. ತಮ್ಮ ಇಪ್ಪತ್ತನಾಲ್ಕನೆಯ ಸುತ್ತೋಲೆಯನ್ನು ಅಷ್ಟು ಅಕ್ಷರಶಃ ಪಾಲಿಸಿದ ಇನ್ನೊಬ್ಬ ನೌಕರ ಇಡೀ ಇಲಾಖೆಯಲ್ಲಿ ಇರಲಾರ. ಅವರಿಗೆ ಬಡ್ತಿ ಸಿಗಲೆಂದು ಹಾರೈಸುತ್ತೇನೆ.

ಅವರ ವರದಿಯ ಫಲವಾಗಿ ಕಳೆದ ಸೋಮವಾರ ನನಗೆ ನೋಟೀಸು ಬಂದಿದೆ. ಏಳು ದಿನಗಳೊಳಗೆ ಬಾಗಿಲನ್ನು ಕುಯ್ದ ಗುರುತು ಕಾಣದಂತೆ ಮೊದಲಿನ ಸ್ಥಿತಿಗೆ ತರಬೇಕಂತೆ. ದಯವಿಟ್ಟು ಈ ಬಗ್ಗೆ ಬಾಗಿಲಿನ ಹೆಸರಿಗೇ ನೇರವಾಗಿ ಒಂದು ಸುತ್ತೋಲೆ ಹೊರಡಿಸಿ, ಗಾಳಿಗೆ ಹಾರಿಹೋದ ಮರದ ಹೊಟ್ಟಿಗೂ ಮರಳಿ ಕೆಲಸಕ್ಕೆ ಹಾಜರಾಗುವಂತೆ ಅಪ್ಪಣೆ ಮಾಡಬೇಕು. ಜೊತೆಗೆ, ಓದಲು ಕಲಿತ ಮಕ್ಕಳು ಎರಡು ತಿಂಗಳ ಹಿಂದಿನ ಸ್ಥಿತಿಗೆ ಮರಳತಕ್ಕದ್ದೋ ಹೇಗೆ ಎಂಬುದನ್ನೂ ಅದರಲ್ಲೇ ತಿಳಿಸಿಬಿಟ್ಟರೆ ಅನುಕೂಲ.

ಇದನ್ನು ಯಾಕೆ ಕೇಳುತ್ತೇನೆಂದರೆ, ನೋಟೀಸು ಬಂದಾಗ ನಾನು ಕನ್ನಡಕ ಹುಡುಕುತ್ತಿದ್ದೆ. ಚಿಕ್ಕು ಆ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. "ಸದರಿ ಬಾಗಿಲನ್ನು... ಒಂದಾಗಿಸತಕ್ಕದ್ದು... ತಪ್ಪಿದಲ್ಲಿ... ತಮ್ಮ ಮೇಲೆ... ಕಠಿಣ ಕ್ರಮ... ಜರುಗಿಸಲಾಗುವುದು." ಒತ್ತಕ್ಷರಗಳಲ್ಲೂ ಎಡವಲಿಲ್ಲ. ಕೆಲಸಕ್ಕೆ ಹೊರಟು ಚೀಲ ಹೆಗಲಿಗೇರಿಸಿದ್ದ ನನ್ನಾಕೆ ಅಂಗಡಿಯ ಮೆಟ್ಟಿಲ ಮೇಲೆ ನಿಂತುಬಿಟ್ಟಳು. "ಇನ್ನೊಂದ್ಸಲ ಓದು ಚಿನ್ನಾ" ಎಂದಳು. ನನ್ನ ಮೇಲೆ ಕಠಿಣ ಕ್ರಮ ಜರುಗಿಸಲಾಗುವುದೆಂದು ಮಗಳು ಮೂರು ಸಲ ಓದಿದಳು. ಮೂರು ಸಲವೂ ಅವಳಮ್ಮ ಕಣ್ಣೊರೆಸಿಕೊಂಡು ನಕ್ಕಳು.

ಆದ್ದರಿಂದ ತಾವು ಇಂಥ ನೋಟೀಸುಗಳನ್ನು ಇನ್ನಷ್ಟು ದಪ್ಪಕ್ಷರದಲ್ಲಿ ಕಳುಹಿಸುತ್ತಿರಬೇಕೆಂದು ಕೋರುತ್ತ,

ಬಾಗಿಲು ಕುಯ್ದದ್ದಕ್ಕೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲದ,
ತಮ್ಮ ವಿಶ್ವಾಸಿ,
ಬೀಗದಣ್ಣ

ವಿ.ಸೂ.: ಈ ಪತ್ರವನ್ನು ಖುದ್ದಾಗಿ ಒಪ್ಪಿಸಲು ತಮ್ಮ ಕಚೇರಿಗೆ ಬಂದಿದ್ದೆ. ಸಿಬ್ಬಂದಿಯ ಆರೋಗ್ಯದ ದೃಷ್ಟಿಯಿಂದ ಕಚೇರಿಯನ್ನು ವರ್ಷದ ಆರಂಭದಿಂದಲೂ ಮುಚ್ಚಲಾಗಿದೆ ಎಂಬ ಬೋರ್ಡು ಕಂಡು, ತಮ್ಮ ಮನೆಯವರೂ ತಮ್ಮ ಉಸಿರಿನ ಬಗ್ಗೆ ನನ್ನಾಕೆಯಷ್ಟೇ ಚಿಂತಿಸುತ್ತಾರೆಂದು ತಿಳಿದು ಸಮಾಧಾನವಾಯಿತು. ಪತ್ರವನ್ನು ಬಾಗಿಲ ಕೆಳಗಿನ ಸಂದಿನಲ್ಲಿ ತೂರಿಸಿದ್ದೇನೆ. ಆ ಸಂದು ಅರ್ಧ ಅಂಗುಲವಿದೆ. ಸುತ್ತೋಲೆಗಳು ಹೊರಗೆ ಬರುವುದಕ್ಕೆ ಅಷ್ಟು ಸಾಕೆಂದು ಕಾಣುತ್ತದೆ.