ಗಾಜಿನ ಬೀರುವಿಗೆ ಯಾರ ಕಂಪ್ಯೂಟರ್?

ಹವ್ಯಾಸಿಗಳು ಒಂದು ಕಡೆ ಸೇರಿದ್ರೆ ನೆಮ್ಮದಿ ಅನ್ನೋದೇ ಇರಲ್ಲ ಕಣ್ರೀ. ಎಂಬತ್ತರ ದಶಕದಲ್ಲಿ ರಾಜಾಜಿನಗರದಲ್ಲಿ ನಮ್ಮದೊಂದು ಕಂಪ್ಯೂಟರ್ ಸಂಘ ಇತ್ತು. ಭಾನುವಾರ ಬಂತು ಅಂದ್ರೆ ಒಂದಲ್ಲ ಒಂದು ರಗಳೆ.

ಬೀರು ಬಂತು

ಅಧ್ಯಕ್ಷರು ಎಲ್ಲಿಂದಲೋ ಒಂದು ಗಾಜಿನ ಬೀರು ತಂದ್ರು. "ಹಳೇ ಕಂಪ್ಯೂಟರೆಲ್ಲ ಇನ್ಮೇಲೆ ಇದರೊಳಗೆ. ನೋಡಬಹುದು, ಮುಟ್ಟೋ ಹಾಗಿಲ್ಲ" ಅಂದ್ರು. ಎಲ್ಲರೂ ಕೈ ಎತ್ತಿದ್ವಿ. ಆಮೇಲೆ ಹಳೇದು ಅಂದ್ರೆ ಯಾವುದು ಅಂತ ಶುರುವಾಯ್ತು ನೋಡಿ! ಹತ್ತು ವರ್ಷ ಆಗಿರಬೇಕು ಅಂದ್ರು ಒಬ್ಬರು. ನಮ್ಮ ಸಂಘದಲ್ಲಿ ಹತ್ತು ವರ್ಷ ಆಗಿದ್ದದ್ದು ಅಧ್ಯಕ್ಷರ ಸ್ಕೂಟರ್ ಒಂದೇ.

ಹೌಸ್‌ಫುಲ್

ಅಕ್ಕಪಕ್ಕದವರು ನೋಡೋಕೆ ಬರೋದು ನಿಂತ್ರೆ ಹಳೇದು ಅಂತ ತೀರ್ಮಾನವಾಯ್ತು. ಕಾಮಾಕ್ಷಿಪಾಳ್ಯದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದ ಸದಸ್ಯರ ಮನೆಗೆ ಪರೀಕ್ಷೆಗೆ ಹೋದ್ವಿ. ಅವರು ಕಂಪ್ಯೂಟರನ್ನ ಮನೆ ಟೀವಿಗೇ ಸಿಕ್ಕಿಸಿದ್ರು. ಸಂಜೆ ಆಗ್ತಿದ್ದ ಹಾಗೆ ಇಡೀ ವಠಾರ ಬಂದು ಚಾಪೆ ಮೇಲೆ ಕೂತಿತು.

"ನೋಡಿದ್ರಾ? ನಂದು ಹೊಸದೇ!" ಅಂತ ಅವರು ಬೀಗಿದ್ರು.

ಮುಂದೆ ಕೂತಿದ್ದ ಆಂಟಿ ಕೇಳಿದ್ರು: "ಅಣ್ಣಾ, ಆ ಡಬ್ಬದ ವೈರ್ ಕಿತ್ತುಬಿಡಿ, ಸಿನಿಮಾ ಶುರುವಾಗೋ ಹೊತ್ತಾಯ್ತು."

ಪಟ್ಟದ ಗೊಂಬೆ

ಆ ನಿಯಮ ಬಿದ್ದುಹೋಯ್ತು. ಸ್ವಿಚ್ ಹಾಕಿದ್ರೆ ಓಡಬೇಕು, ಓಡದಿದ್ರೆ ಬೀರು ಅಂತಾಯ್ತು. ಮುಂದಿನ ಭಾನುವಾರ ಬಸವೇಶ್ವರನಗರದ ನಮ್ಮನೆ ಸರದಿ. ಬಿಡಿಭಾಗ ಹುಡುಕಿ ಹುಡುಕಿ, ನಾನೇ ಬೆಸುಗೆ ಹಾಕಿ, ತಗಡಿನ ಪೆಟ್ಟಿಗೆಯೊಳಗೆ ಕಟ್ಟಿದ ಕಂಪ್ಯೂಟರ್ ಅದು. ಗಾಜಿನ ಹಿಂದೆ ಹೋದ್ರೆ ನನ್ನ ಗತಿ ಏನು? ವಾರವೆಲ್ಲ ಸ್ವಿಚ್ ಹಾಕಿದೆ, ಆರಿಸಿದೆ, ಮತ್ತೆ ಹಾಕಿದೆ. ಶನಿವಾರವೂ ಓಡ್ತಿತ್ತು.

ಭಾನುವಾರ ಅಧ್ಯಕ್ಷರನ್ನ ಬಸ್ ಸ್ಟಾಪಿಂದ ಕರ್ಕೊಂಡು ಬಂದ್ರೆ ಮೇಜು ಖಾಲಿ! ನಡುಮನೆಯಲ್ಲಿ ಅಮ್ಮ ದಸರಾ ಗೊಂಬೆ ಜೋಡಿಸ್ತಿದ್ದಾಳೆ. ನನ್ನ ಕಂಪ್ಯೂಟರನ್ನೇ ಮೇಲಿನ ಮೆಟ್ಟಿಲು ಮಾಡಿ, ಬಿಳಿ ಪಂಚೆ ಹೊದಿಸಿ, ರಾಜ-ರಾಣಿ ಪಟ್ಟದ ಗೊಂಬೆಗಳನ್ನ ಅದರ ಮೇಲೆ ಕೂರಿಸಿಬಿಟ್ಟಿದ್ದಾಳೆ!

"ಅಯ್ಯೋ, ಒಂದೇ ನಿಮಿಷ ತೆಗಿಯಮ್ಮಾ!"

"ಪಟ್ಟದ ಗೊಂಬೆ ಕೂರಿಸಿದ ಮೇಲೆ ಹಬ್ಬ ಮುಗಿಯೋ ತನಕ ಅಲ್ಲಾಡಿಸಬಾರದು ಕಣೋ."

ಅಧ್ಯಕ್ಷರಿಗೆ ಅಷ್ಟೇ ಸಾಕಾಯ್ತು. "ಓಡಲಿಲ್ಲ, ಅಂದ್ರೆ ಹಳೇದು! ಹಬ್ಬ ಆದ್ಮೇಲೆ ತಗೊಂಡ್ಹೋಗಿ ನಮ್ಮ ಗಾಜಿನ ಬೀರುನಲ್ಲಿ ಭದ್ರವಾಗಿ ಇಡ್ತೀವಮ್ಮ."

ನಾನು ಹೋಗಿ ಗೊಂಬೆ ಮೆಟ್ಟಿಲಿಗೆ ಅಡ್ಡ ನಿಂತೆ.

"ಗಾಜಿನ ಬೀರುನಾ? ಅದ್ರಲ್ಲಿ ಈಗ ಏನಿದೆ?" ಅಂದಳು ಅಮ್ಮ.

"ಸದ್ಯಕ್ಕೆ ಖಾಲಿ."

"ಇಲ್ಲಿ ಗೊಂಬೆಗೆ ಜಾಗ ಸಾಲ್ದೆ ಒದ್ದಾಡ್ತಿದೀನಿ, ಕಳಿಸಿಕೊಡಿ. ಈ ಪೆಟ್ಟಿಗೆ ಮಾತ್ರ ಎಲ್ಲೂ ಹೋಗಲ್ಲ, ಮುಂದಿನ ವರ್ಷಕ್ಕೂ ಬೇಕು." ಹಾಗಂದು ಅವರ ಕೈಗೆ ಒಂದು ದೊನ್ನೆ ಕಡಲೆ ಉಸ್ಲಿ ಇಟ್ಟಳು.

ಉಸ್ಲಿ ತಿಂದ ಬಾಯಲ್ಲಿ ಇಲ್ಲ ಅನ್ನೋಕಾಗುತ್ತಾ? ಸಂಜೆಗೆಲ್ಲ ಬೀರು ನಮ್ಮನೆಗೆ ಬಂತು. ಹಬ್ಬ ಮುಗೀತು, ಕಂಪ್ಯೂಟರ್ ಕೆಳಗಿಳಿದು ಜುಮ್ಮಂತ ಓಡ್ತು. ಬೀರು ಮಾತ್ರ ವಾಪಸ್ ಹೋಗಲಿಲ್ಲ. ಅಧ್ಯಕ್ಷರು ಬಂದಾಗಲೆಲ್ಲ ಅದರ ಮುಂದೆ ನಿಂತು ಆಸೆಯಿಂದ ಬಾಗಿಲ ಹಿಡಿಗೆ ಕೈ ಹಾಕೋರು. ಅಮ್ಮ ಅಡುಗೆಮನೆಯಿಂದಲೇ ಕೂಗೋಳು: "ನೋಡಬಹುದು ಸಾರ್, ಮುಟ್ಟೋ ಹಾಗಿಲ್ಲ!"