ಚರಕಕ್ಕೆ ಸುತ್ತಿದ ಕುದುರೆ ಬಾಲ

ಈ ಭೂಮಂಡಲದಲ್ಲಿ ನಾನು ಬಿಡಿಸಲಾಗದ ಸಿಕ್ಕು ಇನ್ನೂ ಹುಟ್ಟಿಲ್ಲ! ರೇಷ್ಮೆ ಇಲಾಖೆಯಲ್ಲಿ ಮೂವತ್ತಾರು ವರ್ಷ ನೂಲು ಬಿಚ್ಚಾಣಿಕೆ ಕಲಿಸಿ ನಿವೃತ್ತನಾದವನು ನಾನು, ಟೇಕಲ್ ಆಂಜಿನಪ್ಪ. ಬಿಸಿನೀರಲ್ಲಿ ಕುಣಿಯುವ ನೂರಾರು ಗೂಡುಗಳ ನಡುವೆ, ಕಣ್ಣಿಗೇ ಕಾಣದ ಎಳೆಯ ತುದಿಯನ್ನು ಕಣ್ಣು ಮುಚ್ಚಿಕೊಂಡು ಎತ್ತುತ್ತಿದ್ದೆ. ನಾನು ಬಿಚ್ಚಿದ ನೂಲನ್ನೆಲ್ಲ ಒಂದಕ್ಕೊಂದು ಸೇರಿಸಿದ್ದರೆ ಟೇಕಲ್ ಬೆಟ್ಟದಿಂದ ಚಂದ್ರಲೋಕಕ್ಕೆ ಹನ್ನೊಂದು ಸಲ ಹೋಗಿ ಬಂದು, ಮಿಕ್ಕಿದ್ದರಲ್ಲಿ ಚಂದ್ರನಿಗೊಂದು ಪಂಚೆ ನೇಯಬಹುದಿತ್ತು. ಅಂಚು ಸಮೇತ!

ಎಳೆ ನೋಡಿ ತಳಿ ಹೇಳುವ ಈ ಕಣ್ಣುಗಳೇ ನನ್ನ ಹೆಂಡತಿಯನ್ನೂ ಆರಿಸಿದ್ದು. ರಾಮಲಕ್ಷ್ಮಮ್ಮನಿಗೆ ಈಗ ಅರವತ್ತೆರಡು. ಜಡೆ ಮಾತ್ರ ಇವತ್ತಿಗೂ ಮೊಣಕಾಲು ಮುಟ್ಟುತ್ತದೆ. ಬುಡದಲ್ಲಿ ಬಿಳಿ, ತುದಿಯಲ್ಲಿ ಕಾಡಿಗೆಗಪ್ಪು. ಅದೇಕೆ ಹಾಗೆ ಅಂತ ನೆಂಟರು ಹುಬ್ಬೇರಿಸಿದರೆ ನಾನೇ ಶಾಸ್ತ್ರ ಬಿಡಿಸಿ ಹೇಳುತ್ತಿದ್ದೆ. "ಬುಡದ ಕೂದಲು ಈಚೆಗೆ ಹುಟ್ಟಿದ್ದು, ಅದು ಮುದುಕಿಯದು. ತುದಿ ಕೂದಲು ಮದುವೆ ಕಾಲದ್ದು, ಅದು ಹುಡುಗಿಯದು. ನೂಲು ಬಲ್ಲವನಿಗೆ ಇದೆಲ್ಲ ಸಲೀಸು!" ನೆಂಟರು ತಲೆದೂಗುತ್ತಿದ್ದರು. ಹೆಂಡತಿ ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು. ಪಾಪ, ನಾಚಿಕೆ ಅಂದುಕೊಂಡಿದ್ದೆ.

ಇಂಥ ಮಹಾಪುರುಷನ ಮನೆಗೆ, ಮೊಮ್ಮಗಳ ಮದುವೆ ರಿಸೆಪ್ಷನ್ ದಿನ, ಸಿಂಗಾರಿ ಎಂಬ ಕುದುರೆ ಬಂದಳು.

ಕುದುರೆ ಯಾಕೆ ಅಂತೀರಾ? ಮೊಮ್ಮಗಳು ಮೇಘನ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಮದುವೆ ನಿಶ್ಚಯವಾದ ಮಾರನೇ ದಿನವೇ ಕಂಪನಿ ಬಸ್ಸಿನಲ್ಲಿ ಎದ್ದು ನಿಂತು ಸಾರಿಬಿಟ್ಟಿದ್ದಳು. "ಹುಡುಗ ಕುದುರೆ ಹತ್ತಿ ಬರೋದೆಲ್ಲ ಹಳೇ ಕಾಲ. ರಿಸೆಪ್ಷನ್‌ಗೆ ನಾನು ಕುದುರೆ ಮೇಲೆ ಬರ್ತೀನಿ. ಶ್ರೀಧರ್ ಛತ್ರದ ಬಾಗಿಲಲ್ಲಿ ಹಾರ ಹಿಡ್ಕೊಂಡು ಕಾಯ್ತಾರೆ!" ಬಸ್ಸಿನ ನಲವತ್ತು ಹುಡುಗಿಯರೂ ನಕ್ಕರು. "ಬಿಡೇ, ಕೊನೆಗೆ ಆಟೋದಲ್ಲಿ ಬಂದಿಳೀತೀಯ" ಅಂದರು. ಅವತ್ತಿನಿಂದ ಇವಳ ಮಾನವೆಲ್ಲ ಕುದುರೆ ಬೆನ್ನೇರಿ ಕೂತಿತ್ತು. ಆ ನಲವತ್ತು ಜನರೂ ಫಸ್ಟ್ ಶಿಫ್ಟ್ ಮುಗಿಸಿ ಅದೇ ಬಸ್ಸಿನಲ್ಲಿ ಸಂಜೆ ಐದಕ್ಕೆ ಸೀದಾ ಟೇಕಲ್‌ಗೆ ಬರುವವರಿದ್ದರು, ಕಣ್ಣಾರೆ ನೋಡಲು.

ಮಗ ಸೊಸೆ ಬೆಳಗ್ಗೆಯೇ ಛತ್ರ ಸೇರಿದ್ದರು. ಒಂಬತ್ತಕ್ಕೆ ಮಾಲೂರಿನ ಗಂಗಾಧರ್ ತನ್ನ ಗೂಡ್ಸ್ ಗಾಡಿಯಿಂದ ಸಿಂಗಾರಿಯನ್ನು ನಮ್ಮ ಹಿತ್ತಲಿಗೆ ಇಳಿಸಿದ. ಮದುವೆ ಮೆರವಣಿಗೆಗೆ ಕುದುರೆ ಕೊಡುವುದೇ ಅವನ ಕಸುಬು. ಕಂದು ಮೈ, ಹಣೆಯಲ್ಲಿ ಬಿಳಿ ಬೊಟ್ಟು, ನೆಲ ಗುಡಿಸುವ ಕಪ್ಪು ಬಾಲ. ಆದರೆ ಬಾಲದ ತುಂಬ ಉತ್ತರಾಣಿ ಮುಳ್ಳು ಕಚ್ಚಿಕೊಂಡು, ಮಣ್ಣು ಮೆತ್ತಿಕೊಂಡು, ಹತ್ತು ಗುಬ್ಬಿ ಸಂಸಾರ ಹೂಡಬಹುದಾದಷ್ಟು ಗಂಟು!

"ಯಜಮಾನ್ರೇ, ಮುಳಬಾಗಿಲಲ್ಲಿ ಇನ್ನೊಂದು ಮದುವೆಗೆ ಕುದುರೆ ಇಳಿಸೋದಿದೆ. ಮೂರಕ್ಕೆಲ್ಲ ಬಂದ್ಬಿಡ್ತೀನಿ. ನೀರು ಕುಡಿಸಿ, ಹುರುಳಿ ಕೊಡಿ, ಬೇಕಾದ್ರೆ ಮೈ ಉಜ್ಜಿ. ಬಾಲದ ತಂಟೆಗೆ ಮಾತ್ರ ಹೋಗ್ಬೇಡಿ. ಅದನ್ನ ನಾನೇ ಬಂದು ಮಾಡ್ತೀನಿ, ಸರೇನಾ?"

"ಯಾಕಪ್ಪಾ, ಒದೀತದಾ?"

"ಒದೆಯಲ್ಲ. ಅದರ ಬಾಲ ಸ್ವಲ್ಪ..." ಅಂತ ಅತ್ತಿತ್ತ ನೋಡಿದ. "ಸೂಕ್ಷ್ಮ."

ಸೂಕ್ಷ್ಮ! ಯಾವ ಮಾತನ್ನ ಯಾರ ಮುಂದೆ ಆಡಿದ ನೋಡಿ!

ಗಾಡಿ ತಿರುವು ದಾಟುವಷ್ಟರಲ್ಲಿ ಮೇಘನ ಬಂದು ಬಾಲ ನೋಡಿ ಮುಖ ಹುಳ್ಳಗೆ ಮಾಡಿದಳು. "ಇದೇನ್ ತಾತ, ಸವೆದ ಪೊರಕೆ ಥರ ಇದೆ? ವಿಡಿಯೋದವರು ಹಿಂದಿನಿಂದಾನೇ ಸ್ಲೋಮೋಷನ್ ತೆಗೆಯೋದಂತೆ. ಬಾಲ ಹಿಂಗ್ ಬೀಸಿದಾಗ ನಾನು ಹಿಂಗ್ ತಿರುಗಿ ನೋಡ್ಬೇಕಂತೆ."

"ನೀನು ಹೋಗಿ ಸ್ನಾನ ಮುಗಿಸ್ಕೋ ಹೋಗಮ್ಮ. ಮಧ್ಯಾಹ್ನಕ್ಕೆ ಈ ಬಾಲನ ರೇಷ್ಮೆ ಮಾಡಿ ಕೊಡ್ತೀನಿ!"

ಅಡುಗೆಮನೆ ಕಿಟಕಿಯಿಂದ ಹೆಂಡತಿಯ ದನಿ ಬಂತು. "ರೀ, ಬಾಲ ಮುಟ್ಟಬೇಡಿ ಅಂತ ಹೇಳಿ ಹೋದ ಅವನು."

"ಅವನಿಗೇನ್ ಗೊತ್ತು ಕಣೇ ಎಳೆ ವಿಷಯ?"

"ಕುದುರೆ ವಿಷಯ ಗೊತ್ತು."

"ಬಾಲ ಅಂದರೆ ಏನು? ಎಳೆ. ಎಳೆ ಅಂದರೆ ಯಾರು? ನಾನು!"

"ಹಂಗಾದ್ರೆ ಬಾಲ ಅಂದರೂ ನೀವೇ ಅಂತಾಯ್ತು. ಸರಿ ಬಿಡಿ, ಮೊದಲಿಂದಲೂ ಅನುಮಾನ ಇತ್ತು" ಅಂದು ಒಗ್ಗರಣೆ ಹಾಕಿದಳು.

ನಾನು ಕಿವಿಗೊಡಲಿಲ್ಲ. ತೆಂಗಿನನಾರಿನಿಂದ ಸಿಂಗಾರಿಯ ಮೈ ಉಜ್ಜಿದೆ. ಅರೆಗಣ್ಣು ಮುಚ್ಚಿ ಸುಖಪಟ್ಟಳು. ಹುರುಳಿ ತಿಂದಳು. ನನ್ನ ಟವೆಲ್ಲನ್ನೂ ಅರ್ಧ ತಿಂದಳು. ಸ್ನೇಹ ಬೆಳೆಯಿತು ಅಂತ ಖಾತ್ರಿಯಾದ ಮೇಲೆ ಬಾಲದ ಕಡೆಗೆ ದಂಡಯಾತ್ರೆ ಹೊರಟೆ.

ಈಗ ಇಲಾಖೆಯ ವಿದ್ಯೆ ಕೇಳಿ. ರೇಷ್ಮೆ ಎಳೆಗೆ ಹುಳು ಒಂದು ಗೋಂದು ಬಳಿದಿರುತ್ತದೆ. ಸೋಪು, ಸೋಡಾ, ಬಿಸಿನೀರು ಸೇರಿದರೆ ಆ ಗೋಂದು ಕರಗುತ್ತದೆ. ಗೋಂದು ಕರಗಿದರೆ ಎಳೆ ಬಿಡುತ್ತದೆ. ತುದಿ ಹಿಡಿದು ಚರಕಕ್ಕೆ ಸುತ್ತಿದರೆ ಕೆಲಸ ಮುಗಿಯಿತು. ರೇಷ್ಮೆಹುಳುವಿಗೆ ಆಗುವುದು ಕುದುರೆಗೆ ಯಾಕಾಗಬಾರದು? ಬರೀ ಗಾತ್ರದಲ್ಲಿ ತಾನೇ ವ್ಯತ್ಯಾಸ!

ಬಕೆಟ್ಟಿಗೆ ಕೈಗೆ ಹಿತವಾಗುವಷ್ಟು ಬಿಸಿನೀರು ತುಂಬಿದೆ. ಬಟ್ಟೆ ಸೋಪು ಹೆರೆದು ಹಾಕಿದೆ. ಎರಡು ಹಿಡಿ ವಾಷಿಂಗ್ ಸೋಡಾ ಸುರಿದೆ. ಬಾಲ ಉದ್ದವಿದೆಯಲ್ಲ ಅಂತ ಇನ್ನೆರಡು ಹಿಡಿ ಸುರಿದೆ! ಸಿಂಗಾರಿಯ ಹಿಂದೆ ಸ್ಟೂಲಿಟ್ಟು, ಅದರ ಮೇಲೆ ಬಕೆಟ್ಟಿಟ್ಟು, ಬಾಲವನ್ನು ಅದ್ದಿದೆ. ಅರ್ಧ ಗಂಟೆ ನೆನೆಸಿದೆ. ನಿವೃತ್ತಿಯ ದಿನ ನೆನಪಿಗೆಂದು ತಂದಿದ್ದ ಪುಟ್ಟ ಚರಕವನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಬಾಲದ ತುದಿಯ ನಾಲ್ಕು ಕೂದಲನ್ನು ಅದಕ್ಕೆ ಗಂಟು ಹಾಕಿದೆ. ಮನಸ್ಸಿನಲ್ಲೇ ಇಷ್ಟದೇವರಿಗೆ ಕೈಮುಗಿದು ಹಿಡಿ ತಿರುಗಿಸಿದೆ.

ಚರಕ ತಿರುಗಿತು. ಬಾಲ ಬಿಗಿಯಾಯಿತು. ಸಿಂಗಾರಿ ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ, ಬ್ಯಾಂಕಿನಲ್ಲಿ ಟೋಕನ್ ಕರೆದಾಗ ಏಳುವವರಂತೆ, ನಿಧಾನವಾಗಿ ಎರಡು ಹೆಜ್ಜೆ ಮುಂದಿಟ್ಟಳು.

ಕುದುರೆ ಮುಂದೆ ಹೋಯಿತು. ಬಾಲ ಚರಕದ ಮೇಲೇ ಉಳಿಯಿತು!

ನನ್ನ ಕೈ ಇನ್ನೂ ಹಿಡಿ ತಿರುಗಿಸುತ್ತಲೇ ಇತ್ತು, ಮೂವತ್ತಾರು ವರ್ಷದ ಅಭ್ಯಾಸ ನೋಡಿ. ಬಾಲವೂ ಗಿರಗಿರನೆ ಸುತ್ತುತ್ತ ಸೋಪಿನ ನೊರೆಯನ್ನು ಹಿತ್ತಲಿನ ನಾಲ್ಕೂ ಗೋಡೆಗೆ ಎರಚಿತು. ನಿಂತಾಗ ನೋಡಿದರೆ ಸಿಂಗಾರಿಯ ಹಿಂಭಾಗದಲ್ಲಿ ಗೋಡೆಗೆ ಸುಣ್ಣ ಹೊಡೆಯುವ ಬ್ರಷ್ಷಿನಷ್ಟು ಮೋಟು. ಚರಕದ ಮೇಲೆ ಹೆಪ್ಪುಗಟ್ಟಿದ ಕಂಬಳಿಯಂಥ ಉಂಡೆ. ಬಿಚ್ಚಾಣಿಕೆಯಲ್ಲಿ ಇಂಥದ್ದನ್ನು ಕಸ ಅಂತ ಮೂಲೆಗೆ ಎಸೆಯುತ್ತೇವೆ.

ಬೇಯಿಸಿ ಬಾಲ ಕಿತ್ತುಬಿಟ್ಟೆನಲ್ಲಪ್ಪಾ! ರಕ್ತ ಬಂತೇ ಅಂತ ಬಗ್ಗಿ ನೋಡಿದೆ. ಒಂದು ಹನಿಯೂ ಇಲ್ಲ. ಸಿಂಗಾರಿ ಉಳಿದ ಅರ್ಧ ಟವೆಲ್ ತಿನ್ನುತ್ತಿದ್ದಳು.

ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ ಅಂದಿತು. ಚರಕವನ್ನು ಗೋಡೆಗೊರಗಿಸಿದ್ದ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿ ತಟ್ಟೆಯ ಹಿಂದೆ ತಳ್ಳಿ, ಸಿಂಗಾರಿಯ ಮೋಟಿಗೆ ಬೆನ್ನು ಕೊಟ್ಟು ನಿಂತೆ. ಮೇಘನ, ತಲೆಗೆ ಟವೆಲ್ ಸುತ್ತಿಕೊಂಡು.

"ಆಯ್ತಾ ತಾತ?"

"ಆಯ್ತಮ್ಮ. ಒಣಗ್ತಾ ಇದೆ."

"ಏನು?"

"ಬಾಲ."

"ಎಲ್ಲಿ?"

"ಅಲ್ಲಿ. ಬಿಸಿಲಿಗೆ ಹಾಕಿದೀನಿ."

"ತಾತ! ಕುದುರೆ ಇಲ್ಲೇ ನೆರಳಲ್ಲಿ ನಿಂತಿದೆ! ಬಾಲ ಒಂದೇ ಹೆಂಗೆ ಬಿಸಿಲಿಗೆ ಹೋಗುತ್ತೆ?"

ಪಕ್ಕಕ್ಕೆ ಸರಿದೆ. ಅವಳು ಮೋಟನ್ನು ನೋಡಿದಳು. ಚಂದ್ರಂಕಿಯ ಕೆಳಗಿಂದ ಇಣುಕುತ್ತಿದ್ದ ಉಂಡೆಯನ್ನೂ ನೋಡಿದಳು. ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಸಿದಳು.

"ನಲವತ್ತು ಜನ ತಾತ... ನಲವತ್ತು ಜನ! ಬೋಳು ಬಾಲದ ಕುದುರೆ ಮೇಲೆ ಹೆಂಗ್ ಕೂರ್ಲಿ? ಇದಕ್ಕಿಂತ ಆಟೋನೇ ವಾಸಿ." ಗಳಗಳನೆ ಅತ್ತಳು. ಮಗುವಿನ ಒಂದೇ ಒಂದು ಆಸೆಯನ್ನ ಸೋಡಾ ಹಾಕಿ ತೊಳೆದುಬಿಟ್ಟಿದ್ದೆ.

ಅಳು ಕೇಳಿ ರಾಮಲಕ್ಷ್ಮಮ್ಮ ಸೌಟು ಹಿಡಿದೇ ಬಂದಳು. ಮೋಟು ನೋಡಿದಳು, ನನ್ನನ್ನು ನೋಡಿದಳು, ಬೈಗುಳವನ್ನು ಆಮೇಲಿಗೆ ಅಂತ ಎತ್ತಿಟ್ಟಳು. ಅದು ಬೈಗುಳಕ್ಕಿಂತ ಭಯಂಕರ. ಚರಕದಿಂದ ಉಂಡೆ ಬಿಚ್ಚಿ, ಬುಡದ ಕಡೆ ತಿರುಗಿಸಿ, ಬೆರಳಿಂದ ತಡವಿದಳು. ಅಲ್ಲೊಂದು ಹೆಣೆದ ದಾರದ ಪಟ್ಟಿ. ಪಟ್ಟಿಗೆ ಕರಗಿ ಜಿಗುಟಾದ ಗೋಂದು.

"ನಿಮ್ಮ ತಲೆ! ಇದು ಬಾಲ ಅಲ್ಲ ರೀ. ಚೌಲಿ!"

"ಚೌಲಿ?"

"ಕೂದಲು ಕಮ್ಮಿ ಇರೋರು ಜಡೆಗೆ ಸೇರಿಸಿ ಹೆಣ್ಕೊಳ್ಳೋದು. ಕುದುರೆಗೂ ಕಟ್ಟಿದಾನೆ ಆ ಗಂಗಾಧರ. ಅದಕ್ಕೇ ಮುಟ್ಟಬೇಡಿ ಅಂದಿದ್ದು."

ಅಂದರೆ ನನ್ನ ವಿದ್ಯೆ ಸುಳ್ಳಾಗಿರಲಿಲ್ಲ! ಗೋಂದು ಕರಗುತ್ತದೆ ಅಂತ ಕಲಿಸಿದ್ದೆ, ಕರಗಿತ್ತು! ಆ ಸಂಕಟದಲ್ಲೂ ಎದೆ ಒಂದಂಗುಲ ಉಬ್ಬಿತು. "ಅದೆಲ್ಲ ಸರಿ ಕಣೇ. ಎಳೆ ನೋಡಿದ ನನಗೇ ತಿಳಿಯದ್ದು ನಿನಗೆ ಮುಟ್ಟಿದ ಕೂಡಲೇ ಹೆಂಗೆ ತಿಳೀತು?"

ಅವಳು ಸೌಟನ್ನು ಮೇಘನಳ ಕೈಗೆ ಕೊಟ್ಟಳು. ಎರಡೂ ಕೈ ಬೆನ್ನ ಹಿಂದೆ ಹೋದವು. ಏನೋ ಬಿಚ್ಚಿದಳು, ಏನೋ ಎಳೆದಳು. ಟೇಕಲ್ ಸೀಮೆಗೆಲ್ಲ ನಾನು ಹೊಗಳಿಕೊಂಡು ತಿರುಗಿದ್ದ ಆ ಮೊಣಕಾಲುದ್ದದ ಜಡೆಯನ್ನು ತಂದು ನನ್ನ ಅಂಗೈ ಮೇಲಿಟ್ಟಳು.

"ಹಿಂಗೆ."

ಮೇಘನ ಅಳುವುದನ್ನೇ ಮರೆತಳು.

"ಯಾ... ಯಾವಾಗಿಂದ?"

"ನೀವು ಹೆಣ್ಣು ನೋಡೋಕೆ ಬಂದ ದಿನದಿಂದ."

"ಅಯ್ಯೋ! ನಾನು ಒಪ್ಪಿದ್ದೇ ಆ ಜಡೆ ನೋಡಿ ಕಣೇ!"

"ಒಪ್ಪಲಿ ಅಂತಾನೇ ನಮ್ಮಮ್ಮ ಕಟ್ಟಿದ್ದು. ನಲವತ್ತೈದು ವರ್ಷದಲ್ಲಿ ಇದು ಐದನೇದು. ಬುಡ ಮುದುಕಿಯದು, ತುದಿ ಹುಡುಗಿಯದು ಅಂತ ನೀವು ಊರಿಗೆಲ್ಲ ಸಾರುವಾಗ ಒಳಗೆ ಹೋಗಿ ಬಾಯಿಗೆ ಸೆರಗು ತುರುಕ್ಕೊಂಡು ನಕ್ಕಿದೀನಿ. ಈಗ ಬೀರುವಿನಲ್ಲಿ ಇನ್ನೆರಡು ಇವೆ, ತಗೊಂಬನ್ನಿ."

"ಎರಡು ಯಾಕೆ?"

"ಮೂರೂ ಸೇರಿದರೆ ಒಂದು ಬಾಲ ಆಗುತ್ತೆ."

"ಅಜ್ಜೀ, ನಿನಗೆ? ಇವತ್ತು ಬೀಗರು, ನೆಂಟರು, ವಿಡಿಯೋ..." ಅಂದಳು ಮೇಘನ.

"ನನ್ನ ಸ್ಲೋಮೋಷನ್ ಯಾರ್ ತೆಗೀತಾರೆ ಬಿಡೇ."

ಆಮೇಲೆ ನಡೆದದ್ದನ್ನು ನಾನು ಬಕೆಟ್ ಹಿಡಿದುಕೊಂಡು ನೋಡಿದೆ. ಅಷ್ಟೇ ನನಗೆ ಸಿಕ್ಕ ಅಪ್ಪಣೆ. ಅವಳು ಸಿಂಗಾರಿಯ ಹಿಂದೆ ನಿಲ್ಲಲಿಲ್ಲ, ಮಗ್ಗುಲಿಗೆ ನಿಂತು, ಒಂದು ಕೈ ಬೆನ್ನ ಮೇಲಿಟ್ಟು, ಮೋಟಿನ ಸೋಡಾವನ್ನೆಲ್ಲ ತಣ್ಣೀರಲ್ಲಿ ತೊಳೆದಳು. ಸೆರಗಿನಿಂದ ಒರೆಸಿದಳು. ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ ಬೆರಳಿಗೆ ಸವರಿಕೊಂಡು, ಉಳಿದಿದ್ದ ಉತ್ತರಾಣಿ ಮುಳ್ಳನ್ನು ಒಂದೊಂದಾಗಿ ಆರಿಸಿದಳು. ಆಮೇಲೆ ಬೆರಳಿಂದಲೇ ಸಿಕ್ಕು ಬಿಡಿಸತೊಡಗಿದಳು.

"ತುದಿಯಿಂದ ಶುರು ಮಾಡಿ ಬುಡಕ್ಕೆ ಹೋಗ್ಬೇಕು ರೀ. ಬುಡದಿಂದ ಎಳೆದರೆ ಗಂಟು ಕೆಳಗೆ ಹೋಗಿ ಇನ್ನೂ ಬಿಗಿಯುತ್ತೆ. ಮೂರು ಹೆಣ್ಣುಮಕ್ಕಳ ತಲೆ ಬಾಚಿದೀನಿ. ನಿಮ್ಮ ಇಲಾಖೆ ನನ್ನ ಕೇಳಬಾರದಿತ್ತಾ?"

ಸಿಂಗಾರಿ ತಲೆ ತಗ್ಗಿಸಿ, ಕೆಳದುಟಿ ಜೋಲಿಸಿ, ನಿಂತಲ್ಲೇ ನಿದ್ದೆ ಹೋದಳು. ಮೂರು ಚೌಲಿಗಳನ್ನೂ ಎಳೆ ಎಳೆಯಾಗಿ ಮೋಟಿನ ಕೂದಲಿಗೆ ಸೇರಿಸಿ, ಹೆಣೆದು, ಕಪ್ಪು ದಾರದಿಂದ ಕಟ್ಟಿ ಕೈಬಿಟ್ಟಾಗ, ಬಾಲ ಸರ್ರನೆ ನೆಲದವರೆಗೆ ಇಳಿಯಿತು. ಮಳೆನೀರಿನಂತೆ!

ಮೂರಕ್ಕೆ ಬಂದ ಗಂಗಾಧರ್ ಬಾಲ ನೋಡಿದ, ಬೆವರಿದ, ಹತ್ತಿರ ಹೋಗಿ ಗಂಟು ಮುಟ್ಟಿದ. "ಅಮ್ಮಾ, ಹೋದ ವರ್ಷ ಗಾಡೀಲಿ ಪಕ್ಕದ ಕುದುರೆ ಇದರ ಬಾಲ ಮೇಯ್ದುಬಿಡ್ತು. ಮದುವೆಯೋರು ಬೇಡ ಅಂತಾರೆ ಅಂತ ಮುಚ್ಚಿಟ್ಟಿದ್ದೆ. ಯಾರಿಗೂ ಹೇಳ್ಬೇಡಿ" ಅಂತ ಪಿಸುಗುಟ್ಟಿದ. "ಆದ್ರೂ ಇದು ನನ್ನ ಬಾಲಕ್ಕಿಂತ ಚೆನ್ನಾಗಿದೆ."

"ನಿನ್ನ ಬಾಲ ಒಗೆಯೋ ಕಲ್ಲಿನ ಮೇಲಿದೆ, ತಗೊಂಡ್ ಹೋಗು" ಅಂದಳು ನನ್ನಾಕೆ.

ಐದಕ್ಕೆ ಬಸ್ಸು ಬಂತು. ಕೆಂಪು ಸೀರೆಯ ಮೇಘನ ಸಿಂಗಾರಿಯ ಮೇಲೆ ಕೂತು ರೈಲ್ವೆ ಸ್ಟೇಷನ್ ರಸ್ತೆಗೆ ಬಂದಾಗ ನಲವತ್ತು ಹುಡುಗಿಯರು ಹಾಕಿದ ಶಿಳ್ಳೆಗೆ ಬೆಂಗಳೂರು ಪ್ಯಾಸೆಂಜರ್ರೇ ಗಾರ್ಡಿನ ಸೀಟಿ ಅಂದುಕೊಂಡು ಹೊರಟಿತು! ಬಾಲ ಎಡಕ್ಕೆ ಬೀಸಿತು, ಮೊಮ್ಮಗಳು ತಿರುಗಿ ನೋಡಿದಳು, ಕ್ಯಾಮೆರಾದವನು ಕೂಗಿಕೊಂಡ. ಛತ್ರದ ಬಾಗಿಲಲ್ಲಿ ಶ್ರೀಧರ್ ಹಾರ ಹಿಡಿದು, ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ. ರಾಮಲಕ್ಷ್ಮಮ್ಮ ನಿಂಬೆಹಣ್ಣಿನ ಗಾತ್ರದ ಬಿಳಿ ತುರುಬಿಗೆ ಒಂದು ಮೊಳ ಮಲ್ಲಿಗೆ ಸುತ್ತಿಕೊಂಡು ಎಲ್ಲರ ಮುಂದೆ ನಡೆಯುತ್ತಿದ್ದಳು. ನೋಡುತ್ತ ನೋಡುತ್ತ, ಈ ಹೆಂಗಸನ್ನು ಇವತ್ತೇ ಮೊದಲು ನೋಡುತ್ತಿದ್ದೇನೇನೋ ಅನ್ನಿಸಿ, ಒಪ್ಪಿಗೆ ಅಂತ ಮನಸ್ಸಿನಲ್ಲೇ ಹೇಳಿಬಿಟ್ಟೆ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ನಾನೇ ಅಲ್ಲವಲ್ಲ! ಹುಡುಗನ ತಾತ, ಶ್ರೀನಿವಾಸಪುರದ ಪೆದ್ದಪ್ಪನವರು, ಸಿಂಗಾರಿಯ ಹಿಂದೆ ನಡೆಯುತ್ತ ಕಣ್ಣರಳಿಸಿದರು. "ಬೀಗರೇ, ನಮ್ಮನೆ ಎಮ್ಮೆ ಬಾಲ ಹೆಂಗ್ ತೊಳೆದ್ರೂ ಸಗಣಿ ಮೆತ್ಕೊಂಡೇ ಇರ್ತದೆ. ಈ ಬಾಲನ ಇಷ್ಟು ಚೊಕ್ಕಟವಾಗಿ ಹೆಂಗ್ ಇಟ್ಟಿದೀರಿ?"

ಹೊಸ ರೇಷ್ಮೆ ಪಂಚೆಯ ಅಂಚು ಸರಿಮಾಡಿಕೊಂಡೆ. ಗಂಟಲೂ ಸರಿಮಾಡಿಕೊಂಡೆ. ಅವರಿಗೆ ಚೆನ್ನಾಗಿ ಕಾಣಲಿ ಅಂತ ಬಾಲದ ಹತ್ತಿರಕ್ಕೇ ಸರಿದು ಬೆರಳು ತೋರಿಸಿದೆ.

"ನೋಡಿ ಬೀಗರೇ, ಬಾಲವನ್ನ ಚೊಕ್ಕಟವಾಗಿಡೋದಕ್ಕೆ ಮೊಟ್ಟಮೊದಲ ಸೂತ್ರ ಏನಪ್ಪಾ ಅಂದರೆ..."

ಸಿಂಗಾರಿ ನಿಂತಳು. ಬಾಲವನ್ನು ನಿಧಾನವಾಗಿ, ಒಂದು ಎಳೆಯೂ ಕದಡದಂತೆ, ಮೇಲಕ್ಕೆತ್ತಿ ಪಕ್ಕಕ್ಕೆ ಹಿಡಿದಳು. ಬೆಳಗಿನ ಹುರುಳಿಯನ್ನು ನನ್ನ ಪಂಚೆ, ಅಂಚು, ಎರಡೂ ಚಪ್ಪಲಿಗೆ ಸಮನಾಗಿ ಹಂಚಿದಳು. ಆಮೇಲೆ ಬಾಲವನ್ನು ಅಷ್ಟೇ ನಿಧಾನವಾಗಿ ಇಳಿಸಿ ಮುಂದೆ ನಡೆದಳು.

ಬಾಲಕ್ಕೆ ಒಂದು ಚೂರೂ ತಾಗಿರಲಿಲ್ಲ.